ಊರಮ್ಮನ ಗುಡಿಯ ಬೆಳ್ಳಿ ಕೈ

ಪಾಲಾಕ್ಷನ ಆ ಬುಧವಾರ ಕೆಟ್ಟದ್ದು ಒಂದು ತೆಂಗಿನಕಾಯಿ ಹೋಳಿನಿಂದ. ಪಕ್ಕದ ಮನೆಯ ಗಿಡ್ಡಮ್ಮ ಬೆಳಿಗ್ಗೆ ಆರೂವರೆಗೇ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು, ಅಂಗಳದಲ್ಲಿ ಹಲ್ಲುಜ್ಜುತ್ತಿದ್ದವನ ಮುಂದೆ ಹಿಡಿದಳು.

“ತಗೋಪ್ಪಾ ಪ್ರಸಾದ. ಅಂತೂ ನಿನ್ನ ಕೈ ನೆಟ್ಟಗಾತು. ಊರಮ್ಮ ಕಣ್ಣು ಬಿಟ್ಲು ನೋಡು.”

ಪಾಲಾಕ್ಷ ಬಾಯಿಂದ ಬೇವಿನ ಕಡ್ಡಿ ತೆಗೆದು ತನ್ನ ಬಲಗೈ ನೋಡಿಕೊಂಡ. ಅದು ನಿನ್ನೆ ಹೇಗಿತ್ತೋ ಹಾಗೇ ಇತ್ತು. ನಡುವಿನ ಮೂರು ಬೆರಳು ಸೆಟೆದು ನಿಂತಿದ್ದವು. ಮಡಚು ಅಂದರೆ ಮಡಚುವುದಿಲ್ಲ, ಹಿಡಿ ಅಂದರೆ ಹಿಡಿಯುವುದಿಲ್ಲ.

“ಯಾರು ಹೇಳಿದ್ರು ಅತ್ತಿ?”

“ಹೇಳೋದೇನು, ಕಣ್ಣಾರೆ ನೋಡಿ ಬಂದೀನಿ. ಗುಡ್ಯಾಗ ಬೆಳ್ಳಿ ಕೈ ತೂಗಾಕತ್ತೈತಿ. ನಿನ್ನ ಹೆಸರಿಗೆ ಹೊನ್ನೂರಮ್ಮ ನಿನ್ನಿ ಮುಟ್ಟಿಸ್ಯಾಳಂತ. ಆವತ್ತು ನಮ್ಮ ಜ್ವಾಳದ ಚೀಲ ಹೊಲ್ದು ಕೊಟ್ಟಾಗ್ಲೇ ಅಂದ್ಕಂಡೆ ನಾನು, ಇವನ ಕೈ ಹಾದಿಗೆ ಬಂತು ಅಂತ.”

“ಅದು ಎಡಗೈ ಅತ್ತಿ.”

“ಯಾವ ಕೈ ಆದ್ರೇನು, ಚೀಲ ಚೀಲನ ಅಲ್ಲೇನು?” ಎಂದು ಗಿಡ್ಡಮ್ಮ ಹೋಳು ಕೊಟ್ಟು ಹೋದಳು.

ಕೊಟ್ಟೂರಿನ ಆ ಓಣಿಯಲ್ಲಿ ಊರಮ್ಮನ ಗುಡಿಯ ರಿವಾಜು ಎಲ್ಲರಿಗೂ ಗೊತ್ತು. ಕಣ್ಣು ಬೇನೆ ವಾಸಿಯಾದರೆ ಬೆಳ್ಳಿ ಕಣ್ಣು, ಕಾಲು ವಾಸಿಯಾದರೆ ಬೆಳ್ಳಿ ಕಾಲು. ದೇವಿಯ ಎಡಬಲಕ್ಕೆ ಕಟ್ಟಿದ ತಂತಿಗಳಲ್ಲಿ ಕಿವಿ, ಮೂಗು, ಮೊಣಕಾಲು ಎಲ್ಲ ತೂಗುತ್ತವೆ. ತೆಗೆದು ಜೋಡಿಸಿದರೆ ಮೂರು ಆಳು ಎದ್ದು ಕೆಲಸಕ್ಕೆ ಹೋದಾರು. ಆದರೆ ಗುಣವಾಗುವ ಮುಂಚೆ ಯಾರೂ ಹರಕೆ ಮುಟ್ಟಿಸುವುದಿಲ್ಲ. ಬೆಳ್ಳಿ ಕೈ ತೂಗುತ್ತಿದೆ ಎಂದರೆ ಕೈ ಗುಣವಾಯಿತು ಎಂದೇ ಅರ್ಥ.

ಬೇರೆ ದಿನವಾಗಿದ್ದರೆ ಪಾಲಾಕ್ಷ ನಕ್ಕು ಕಾಯಿ ತಿನ್ನುತ್ತಿದ್ದ. ಆದರೆ ಅವತ್ತು ಹನ್ನೊಂದು ಗಂಟೆಗೆ ಕೂಡ್ಲಿಗಿಯ ಪ್ರವಾಸಿ ಮಂದಿರದಲ್ಲಿ ಅವನ ಕೈಯ ಕೇಸು ಇತ್ತು.

ಕೇಸು ಇಷ್ಟೇ. ಪಾಲಾಕ್ಷ ಶೇಂಗಾ ಮಿಲ್ಲಿನಲ್ಲಿ ಚೀಲ ಹೊಲಿಯುವವನು. ತೂಕವಾದ ಚೀಲದ ಬಾಯಿಗೆ ದಬ್ಬಣ ಹಾಕಿದನೆಂದರೆ ಲಾರಿ ಮೇಲಿಂದ ಬಿದ್ದರೂ ಒಂದು ಕಾಳು ಹೊರಗೆ ಇಣುಕುತ್ತಿರಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ, ಪಕ್ಕದ ಹರಪನಹಳ್ಳಿ ತಾಲೂಕು ದಾವಣಗೆರೆ ಜಿಲ್ಲೆಗೆ ಸೇರಿದ ವರ್ಷ, ಮಿಷನ್ನಿನ ಬೆಲ್ಟು ಆ ಕೈಯನ್ನು ಎಳೆದುಕೊಂಡಿತು. ಪರಿಹಾರದ ಅರ್ಜಿ ಬಳ್ಳಾರಿಗೆ ಹೋಯಿತು. ಮಿಲ್ಲಿನವರು ತೋರಿಸಿದ ಡಾಕ್ಟರು, ಇವನ ದುಡಿಯುವ ಶಕ್ತಿಯಲ್ಲಿ ನೂರಕ್ಕೆ ಹನ್ನೆರಡು ಭಾಗ ಹೋಗಿದೆ ಎಂದು ಬರೆದರು. ಆದೇಶವೂ ಹಾಗೇ ಬಂತು. ನೂರರಲ್ಲಿ ಹನ್ನೆರಡು ಎಂದರೆ ಎಲ್ಲಿಂದ ಎಲ್ಲಿಗೆ ಎಂದು ಪಾಲಾಕ್ಷ ರಾತ್ರಿಯೆಲ್ಲ ತನ್ನ ಕೈ ಮೇಲೆ ಗೇಣು ಹಾಕಿ ನೋಡಿದ್ದ. ಉಗುರುಗಳೇ ಅಷ್ಟಾಗುತ್ತಿದ್ದವು. ಉಳಿದ ಎಂಬತ್ತೆಂಟು ಎಲ್ಲಿದೆ, ಇದ್ದರೆ ಮಿಲ್ಲಿನವರು ಯಾಕೆ ಕೆಲಸಕ್ಕೆ ಕರೆಯುತ್ತಿಲ್ಲ ಎಂದು ಕೇಳಿ ಮರುಪರಿಶೀಲನೆಗೆ ಅರ್ಜಿ ಹಾಕಿದ್ದ. ಆ ಅರ್ಜಿಯ ವಿಚಾರಣೆ ಇವತ್ತು. ಅದಾದರೆ ಮನೆ ಒಂದು ದಡ ಸೇರುತ್ತದೆ, ಇಲ್ಲದಿದ್ದರೆ ಹೆಂಡತಿ ಹೊನ್ನೂರಮ್ಮನ ಕಳೆ ಕೂಲಿಯೇ ಗತಿ.

ಹೊನ್ನೂರಮ್ಮನನ್ನೇ ಕೇಳೋಣವೆಂದರೆ ಅವಳು ಐದಕ್ಕೇ ಎದ್ದು ಶೇಂಗಾ ಹೊಲದ ಕಳೆಗೆ ಹೋಗಿದ್ದಳು. ಪಾಲಾಕ್ಷ ಮುಖ ತೊಳೆದವನೇ ಗುಡಿಗೆ ಓಡಿದ.

ಬೆಳ್ಳಿ ಕೈ ನಿಜವಾಗಿಯೂ ಇತ್ತು. ದೀಪದ ಹೊಗೆಯಲ್ಲಿ, ಎತ್ತರದ ತಂತಿಯಲ್ಲಿ, ಹೆಬ್ಬೆರಳುದ್ದದ ಹೊಸ ಕೈ ಹಳೆಯ ಮೊಣಕಾಲುಗಳ ನಡುವೆ ಥಳಥಳ ಹೊಳೆಯುತ್ತಿತ್ತು. ಪೂಜಾರಿ ಬೊಮ್ಮಯ್ಯ ತೀರ್ಥದ ಬಟ್ಟಲು ಹಿಡಿದು ಬಂದ. ಪಾಲಾಕ್ಷ ಎಡಗೈ ಒಡ್ಡಿದ. ಬೊಮ್ಮಯ್ಯ ಬಟ್ಟಲು ಹಿಂದಕ್ಕೆ ಎಳೆದುಕೊಂಡ.

“ಏನ್ಲೇ, ಎಡಗೈ ಒಡ್ತೀಯಲ್ಲ. ಗುಣ ಆದ ಕೈ ಒಡ್ಡು.”

“ಗುಣ ಎಲ್ಲಿ ಆಗೈತಿ ಪೂಜಾರಪ್ಪ? ನೋಡು ನೀನ. ಅದನ್ನ ಇವತ್ತೊಂದಿನ ಇಳಿಸಿಡು, ನಿನ್ನ ಕಾಲಿಗೆ ಬೀಳ್ತೀನಿ. ಕೇಸು ಮುಗದ ಮ್ಯಾಲ ಮತ್ತ ತೂಗಹಾಕು.”

“ತಂತಿ ಏರಿದ್ದು ಇಳಿಯಂಗಿಲ್ಲಪ್ಪ. ಬುಕ್ಕಿನಾಗ ಬರದಾತು. ‘ಹೊನ್ನೂರಮ್ಮ, ಗಂಡನ ಕೈ, ಹರಕೆ ತೀರಿತು.’ ಇಳಿಸ್ಬೇಕಂದ್ರ ಕಮಿಟಿಗೆ ಅರ್ಜಿ ಕೊಡು. ಅಮಾಸಿ ದಿನ ಕೂಡ್ತಾರ, ಪರಿಶೀಲನೆ ಮಾಡ್ತಾರ.”

“ಕಮಿಟಿ ಅಧ್ಯಕ್ಷರು ಯಾರು?”

“ನಿಮ್ಮ ಮಿಲ್ಲಿನ ಸಾಹುಕಾರ್ರು.”

ಪಾಲಾಕ್ಷ ದೇವಿಯ ಪಾದದ ಬಳಿ ಬಿದ್ದಿದ್ದ ಚೆಂಡುಹೂವಿನ ಹಾರ ಎತ್ತಿ, ಬೊಮ್ಮಯ್ಯ ಆಚೆ ತಿರುಗಿದಾಗ, ಬೆಳ್ಳಿ ಕೈಯ ಮೇಲೆ ಎಸೆದ. ಹಾರ ತಂತಿಗೆ ಸಿಕ್ಕಿ ಕೈಯನ್ನು ಮುಚ್ಚಿತು. ಸಮಾಧಾನದಿಂದ ತಿರುಗಿದರೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಮಿಲ್ಲಿನ ಗುಮಾಸ್ತ ಮಂಜಣ್ಣ ನಿಂತಿದ್ದ. ಮಂಜಣ್ಣ ದಿನಾ ಗುಡಿಗೆ ಬರುವವನು. ಅವನು ಹಾರವನ್ನೂ ನೋಡಿದ, ಪಾಲಾಕ್ಷನನ್ನೂ ನೋಡಿದ, ಆಮೇಲೆ ಬೊಮ್ಮಯ್ಯನ ಕಡೆ ನೋಡಿ, “ಪೂಜಾರಪ್ಪ, ಹೂವು ಯಾಕ ಅಷ್ಟು ಮ್ಯಾಲ ಹೋಗೈತಿ?” ಎಂದು ಕೇಳಿದ. ಪಾಲಾಕ್ಷ ಅಲ್ಲಿ ನಿಲ್ಲಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬಂದವನಿಗೆ ಕಂಡಕ್ಟರನ ಕಾಟ. ಪಾಲಾಕ್ಷ ಎಡಗೈಯಲ್ಲಿ ದುಡ್ಡು ಕೊಡಲು ಹೋದ.

“ಬೋಣಿ ಟೈಮಿನಾಗ ಎಡಗೈ ಬ್ಯಾಡ್ರಿ. ದಿನಪೂರ್ತಿ ಖಾಲಿ ಓಡಿಸ್ಬೇಕಾಗ್ತೈತಿ.”

ಪಾಲಾಕ್ಷ ನೋಟನ್ನು ಎಡಗೈಯಿಂದ ಬಲಗೈಯ ಸೆಟೆದ ಬೆರಳುಗಳ ಸಂದಿಗೆ ಸಿಗಿಸಿ, ಬಲಗೈಯನ್ನು ಕೊಕ್ಕರೆಯ ಕೊಕ್ಕಿನಂತೆ ಮುಂದೆ ಚಾಚಿದ. ಕಂಡಕ್ಟರ್ ಅದನ್ನು ಎಳೆದುಕೊಂಡು ಕಣ್ಣಿಗೊತ್ತಿಕೊಂಡ. ಬಸ್ಸು ಹೊರಟು ಊರು ದಾಟಿದ ಮೇಲೆ ಪಾಲಾಕ್ಷನಿಗೆ ನೆನಪಾಯಿತು, ಕೈಯ ಎಕ್ಸ್‌ರೇ ಮನೆಯ ಗೂಡಿನಲ್ಲೇ ಉಳಿದಿತ್ತು.

ಕೂಡ್ಲಿಗಿಯಲ್ಲಿ ಪ್ರವಾಸಿ ಮಂದಿರದ ಬೇವಿನ ಮರದಡಿ ಜಂಬಣ್ಣ ಕಾಯುತ್ತಿದ್ದ. ಜಂಬಣ್ಣ ವಕೀಲನಲ್ಲ. ತಾಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವನು. ಆದರೆ ವಕೀಲರಿಗಿಂತ ಕಪ್ಪಗಿನ ಕೋಟು ತೊಡುತ್ತಿದ್ದ. ಪಾಲಾಕ್ಷನ ಮರುಪರಿಶೀಲನೆ ಅರ್ಜಿ ಅವನದೇ ಬರಹ. ಬೆಳ್ಳಿ ಕೈಯ ಕತೆ ಕೇಳಿ ಅವನು ಹಣೆ ಹಿಡಿದುಕೊಂಡು ಎರಡು ಬೀಡಿ ಸೇದಿದ. ಮೂರನೆಯದು ಹಚ್ಚುವಾಗ ಕಣ್ಣು ಅರಳಿತು.

“ಪಾಲಾಕ್ಷ, ಮಿಲ್ಲಿನಾಗ ಸೀಜನ್ ಶುರು ಆಗೋ ಮೊದ್ಲು ಏನು ತಗಂತೀರಿ?”

“ಮುಂಗಡ.”

“ಮುಂಗಡ ತಗಂಡೋನು ಏನು ಮಾಡ್ಬೇಕು?”

“ದುಡೀಬೇಕು. ಇಲ್ಲಾಂದ್ರ ಮಂಜಣ್ಣ ಮನಿ ಬಾಗ್ಲಿಗೆ ಬಂದು ನಿಂದ್ರತಾನ.”

“ಹಂಗ ಅನ್ನು. ಇದು ಊರಮ್ಮಗ ಕೊಟ್ಟ ಮುಂಗಡ. ಅಕಿ ಇನ್ನ ಕೆಲಸ ಮಾಡಿಲ್ಲ. ಮುಂಗಡ ಇಸ್ಕಂಡ ಮ್ಯಾಲ ಮಾಡ್ಲೇಬೇಕಲ್ಲ, ಅದಕ್ಕ ಕೊಟ್ಟೀವಿ ಅನ್ನು.”

ಪಾಲಾಕ್ಷನಿಗೆ ಇದು ಎಷ್ಟು ಸರಿಯೆನಿಸಿತೆಂದರೆ, ಹೊನ್ನೂರಮ್ಮ ಹಾಗೇ ಯೋಚಿಸಿರಬೇಕು ಎಂದು ತಾನೇ ನಂಬಿಬಿಟ್ಟ. ಪಾಪ, ತನ್ನ ಕೈಗಾಗಿ ದೇವರಿಗೇ ಮುಂಗಡ ಕೊಟ್ಟಿದ್ದಾಳೆ ಎಂದು ಅವನ ಎದೆ ತುಂಬಿ ಬಂತು.

ಒಳಗೆ ಕಾರ್ಮಿಕ ಅಧಿಕಾರಿಗಳು ಊಟದ ಮೇಜನ್ನೇ ಕಚೇರಿ ಮಾಡಿಕೊಂಡು ಕೂತಿದ್ದರು. ಮೈಸೂರು ಕಡೆಯವರು, ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ಪಾಲಾಕ್ಷನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಮಡಚಲು ನೋಡಿದರು. ಪಾಲಾಕ್ಷ ಹಲ್ಲು ಕಚ್ಚಿದ. ಅವರು ತಟ್ಟನೆ ಬಿಟ್ಟರು.

“ಇದು ಹನ್ನೆರಡಕ್ಕಿಂತ ಹೆಚ್ಚೇ ಕಾಣುತ್ತೆ. ಎಕ್ಸ್‌ರೇ ಎಲ್ಲಪ್ಪಾ?”

“ಮನ್ಯಾಗ ಐತ್ರಿ ಸಾರ್.”

“ಎಕ್ಸ್‌ರೇ ಯಾಕ್ರಿ ಸಾರ್,” ಎಂದಿತು ಹಿಂದಿನಿಂದ ಒಂದು ದನಿ. “ಸ್ವತಃ ಊರಮ್ಮ ಸರ್ಟಿಫಿಕೇಟ್ ಕೊಟ್ಟಾಳ.”

ಮಂಜಣ್ಣ ಬಂದಿದ್ದ. ಅವನ ಹಿಂದೆ ಬೊಮ್ಮಯ್ಯ ಬಂದಿದ್ದ. ಬೆಳಿಗ್ಗೆ ಕಮಿಟಿ ಕೂಡದೆ ಇಳಿಯುವುದಿಲ್ಲ ಎಂದಿದ್ದ ಬೆಳ್ಳಿ ಕೈ, ಈಗ ಅದೇ ಬೊಮ್ಮಯ್ಯನ ತಟ್ಟೆಯಲ್ಲಿ, ಕೆಂಪು ಬಟ್ಟೆಯ ಮೇಲೆ, ಇಪ್ಪತ್ತು ಚಿಲ್ಲರೆ ಕಿಲೋಮೀಟರು ಬಸ್ಸಿನಲ್ಲಿ ಕೂತು ಬಂದಿತ್ತು. ಬುಕ್ಕೂ ಜೊತೆಗಿತ್ತು. ಮಂಜಣ್ಣ ರಿವಾಜನ್ನು ವಿವರಿಸಿದ. ಬೊಮ್ಮಯ್ಯ ಪ್ರತಿ ಮಾತಿಗೂ ತಲೆಯಾಡಿಸಿದ.

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. “ಏನಪ್ಪಾ ಇದು?”

ಜಂಬಣ್ಣ ಪಾಲಾಕ್ಷನ ಬೆನ್ನು ತಿವಿದ. ಪಾಲಾಕ್ಷ ಮುಂಗಡದ ಮಾತು ಹೇಳಿದ. ಮಿಲ್ಲು, ಸೀಜನ್ನು, ಬಾಗಿಲಿಗೆ ಬಂದು ನಿಲ್ಲುವ ಮಂಜಣ್ಣ, ಎಲ್ಲವನ್ನೂ ಹೇಳಿ, “ಅಕಿ ಇನ್ನ ಕೆಲಸಕ್ಕ ಬಂದಿಲ್ರಿ ಸಾರ್,” ಎಂದು ಮುಗಿಸಿದ.

ಅಧಿಕಾರಿಗಳು ಮೊದಲ ಸಲ ನಕ್ಕರು. “ನಿಮ್ಮಲ್ಲಿ ಮುಂಗಡದ ಪದ್ಧತಿ ಇದೆಯೇನ್ರಿ?” ಎಂದು ಮಂಜಣ್ಣನನ್ನು ಕೇಳಿದರು. ಇದೆ ಎನ್ನದೆ ಮಂಜಣ್ಣನಿಗೆ ಗತಿಯಿರಲಿಲ್ಲ. “ಮುಂಗಡ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿದಿದೆ ಅಂತ ಹೇಳೋಕಾಗುತ್ತಾ? ಕೈ ನನ್ನ ಕಣ್ಣ ಮುಂದೇ ಇದೆ. ಬೆಳ್ಳಿ ಕೈ ಬಿಡಿ,” ಎಂದು ಪೆನ್ನಿನ ಮುಚ್ಚಳ ತೆಗೆದರು.

ಪಾಲಾಕ್ಷನಿಗೆ ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಉಸಿರು ಸರಾಗವಾಗಿ ಆಡಿತು. ಅಷ್ಟರಲ್ಲಿ ಬಾಗಿಲಲ್ಲಿ ಹೊನ್ನೂರಮ್ಮ ಕಾಣಿಸಿಕೊಂಡಳು. ಕಾಲಿಗೆ ಹೊಲದ ಕೆಸರು ಹಾಗೇ ಇತ್ತು. ಎಕ್ಸ್‌ರೇ ಮನೆಯಲ್ಲೇ ಉಳಿದದ್ದನ್ನು ಕಂಡ ಗಿಡ್ಡಮ್ಮ ಹೊಲಕ್ಕೆ ಹೇಳಿ ಕಳಿಸಿದ್ದಳು. ಹೊನ್ನೂರಮ್ಮ ಅರ್ಧ ಕೂಲಿ ಬಿಟ್ಟು ಮುಂದಿನ ಬಸ್ಸು ಹಿಡಿದಿದ್ದಳು. ಅವಳ ಕಿವಿಗೆ ಬಿದ್ದದ್ದು ಮುಂಗಡದ ಮಾತು ಮಾತ್ರ.

“ಯಾರು ಹೇಳಿದ್ದು ಮುಂಗಡ ಅಂತ?” ಎಂದಳು.

ಜಂಬಣ್ಣ ಕೋಟಿನ ಗುಂಡಿ ಹಾಕಿಕೊಂಡ.

“ಸಾಹೇಬ್ರ, ನಾ ಬಡವಿ ಇರಬೌದು. ದೇವರ ಕೂಡ ಯಾಪಾರ ಮಾಡಾಕಿ ಅಲ್ಲ. ಅಕಿ ಕೆಲಸ ಮಾಡಿಕೊಟ್ಟ ಮ್ಯಾಲ ಮುಟ್ಟಿಸೀನಿ. ತವರಿನವರು ಕೊಟ್ಟ ಕಾಲ್ಚೈನು ಕರಗಿಸಿ ಮಾಡಿಸಿದ್ದದು. ಇಕಾ, ಯಾವ ಕೈ ಅಂತ ನೋಡ್ರಿ ಮೊದ್ಲು.”

ಅಧಿಕಾರಿಗಳು ಬೆಳ್ಳಿ ಕೈಯನ್ನು ಎತ್ತಿಕೊಂಡರು. ಅಂಗೈಯ ಗೆರೆಗಳು ಮೇಲಕ್ಕಿದ್ದವು. ಪಕ್ಕದಲ್ಲಿ ತಮ್ಮ ಬಲ ಅಂಗೈ ಇಟ್ಟು ನೋಡಿದರು. ಹೆಬ್ಬೆರಳು ಆ ಕಡೆಗಿತ್ತು. ಎಡ ಅಂಗೈ ಇಟ್ಟರು. ಕೂಡಿತು. ಮಂಜಣ್ಣ ತನ್ನೆರಡೂ ಅಂಗೈ ಎತ್ತಿ ನೋಡಿಕೊಂಡ. ಬೊಮ್ಮಯ್ಯ ತಟ್ಟೆ ಕೆಳಗಿಟ್ಟು ತಾನೂ ನೋಡಿಕೊಂಡ. ಬಾಗಿಲಲ್ಲಿದ್ದ ಪ್ರವಾಸಿ ಮಂದಿರದ ಕಾವಲುಗಾರನೂ ಸುಮ್ಮನಿರಲಾರದೆ ಎತ್ತಿದ. ಒಂದು ನಿಮಿಷ ಆ ಕೋಣೆಯಲ್ಲಿ ಎಲ್ಲರೂ ತಮ್ಮ ತಮ್ಮ ಹಣೆಬರಹ ಓದಿಕೊಳ್ಳುತ್ತಿರುವಂತೆ ಕಾಣುತ್ತಿತ್ತು.

“ಎಡಗೈ,” ಎಂದರು ಅಧಿಕಾರಿಗಳು.

ಜಂಬಣ್ಣ ಕುರ್ಚಿಯಿಂದ ಎದ್ದೇಬಿಟ್ಟ. “ಸಾರ್, ಪೆಟ್ಟಾಗಿದ್ದು ಬಲಗೈಗೆ. ಇವರು ತಂದಿದ್ದು ಎಡಗೈ. ಸಾಕ್ಷಿಗೂ ಕೇಸಿಗೂ ಸಂಬಂಧಾನ ಇಲ್ಲ. ಬರೀರಿ ಸಾರ್.”

ಅಧಿಕಾರಿಗಳು ಬರೆಯಬಹುದಿತ್ತು. ಆದರೆ ಅವರಿಗೆ ಕುತೂಹಲ. “ಎಡಗೈ ಯಾಕಮ್ಮ ಕೊಟ್ಟಿರಿ?” ಎಂದು ಕೇಳಿಯೇಬಿಟ್ಟರು.

ಹೊನ್ನೂರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಬಲಗೈ ಇನ್ನ ಬರಂಗಿಲ್ಲ ಅಂತ ದಾವಣಗೆರಿ ಡಾಕ್ಟ್ರು ನನ್ನ ಹೊರಗ ಕರದು ಹೇಳಿದ್ರು ಸಾಹೇಬ್ರ. ಇವರಿಗೆ ನಾ ಹೇಳ್ಲಿಲ್ಲ. ಬರದ ಕೈ ಕೇಳಿ ಊರಮ್ಮಗ ಯಾಕ ಪೇಚಿಗೆ ಹಾಕ್ಲಿ? ತಾಯಿ, ಬಲಗೈನಾಗಿದ್ದ ಕಸುಬು ಎಡಗೈಗೆ ಇಳಿಸಿಕೊಡು ಅಂತ ಬೇಡ್ಕಂಡೆ. ಇವ್ರು ದಿನಾ ಹಿತ್ತಲದಾಗ ಕುಂತು ಹರಕು ಚೀಲ ಹೊಲಿಯೋರು. ಹೊಲಿದು, ಬಿಚ್ಚಿ, ಮತ್ತ ಹೊಲಿಯೋರು. ಹೋದವಾರ ಗಿಡ್ಡಮ್ಮನ ಇಪ್ಪತ್ತು ಚೀಲ ಹೊಲಿದ್ರು. ಒಂದು ಕಾಳು ಉದುರಿಲ್ಲ. ಅದಕ್ಕ ಮುಟ್ಟಿಸೀನಿ. ಕೇಸು ಮುಗೀಲಿ, ಹೇಳಾಮು ಅಂತಿದ್ದೆ.”

ಪಾಲಾಕ್ಷ ಹೆಂಡತಿಯನ್ನೇ ನೋಡುತ್ತ ನಿಂತ. ಬಲಗೈ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಆಗಲೇ. ಅವಳ ಕಾಲು ಬರಿದಾಗಿತ್ತು. ಎಷ್ಟು ದಿನದಿಂದ ಬರಿದಾಗಿತ್ತೋ, ಅವನು ನೋಡಿರಲೇ ಇಲ್ಲ.

ಅಧಿಕಾರಿಗಳು ಪೆನ್ನು ಕೆಳಗಿಟ್ಟರು. “ಎಡಗೈಲಿ ಹೊಲಿತೀಯಾ? ಎಲ್ಲಿ, ತೋರಿಸಪ್ಪ.”

ಕಾವಲುಗಾರ ಒಲೆಯ ಇದ್ದಿಲು ತುಂಬಿದ್ದ ಗೋಣಿಚೀಲ ತಂದು ನಿಲ್ಲಿಸಿದ. ಸುತಳಿಯೂ ಸಿಕ್ಕಿತು. ದಬ್ಬಣ ಪಾಲಾಕ್ಷನ ಅಂಗಿ ಜೇಬಿನಲ್ಲೇ ಇತ್ತು. ಕೆಲಸ ಹೋಗಿ ಹದಿನಾಲ್ಕು ತಿಂಗಳಾದರೂ ಅದನ್ನು ಮನೆಯಲ್ಲಿಟ್ಟು ಹೊರಗೆ ಬಂದವನಲ್ಲ. ಜಂಬಣ್ಣ ಎದುರಿಗೆ ಬಂದು ನಿಂತು, ಕಣ್ಣು ಹುಬ್ಬು ಮೀಸೆ ಮೂರರಲ್ಲೂ ಸನ್ನೆ ಮಾಡಿದ. ದಬ್ಬಣ ಬೀಳಿಸು, ಹುರಿ ಸಿಕ್ಕಾಗಿಸು, ವಕ್ರ ಹೊಲಿ ಎಂದು ಆ ಸನ್ನೆಯ ಅರ್ಥ. ಪಾಲಾಕ್ಷನಿಗೆ ಅರ್ಥವಾಗದೆ ಇರಲಿಲ್ಲ. ನಾಲ್ಕು ವಕ್ರ ಹೊಲಿಗೆ ಹಾಕಿದರೆ ಸಾಕು, ನೂರಕ್ಕೆ ಹನ್ನೆರಡು ಇದ್ದದ್ದು ನಲವತ್ತಾಗುತ್ತಿತ್ತು.

ಅವನು ಕೂತು ಚೀಲವನ್ನು ಮೊಣಕಾಲ ಸಂದಿಗೆ ಒತ್ತಿಕೊಂಡ. ಮೊದಲ ಹೊಲಿಗೆ ನಿಜವಾಗಿಯೂ ವಕ್ರವಾಗಿ ಹಾಕಿದ. ತಲೆಯೆತ್ತಿದ. ಹೊನ್ನೂರಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಮಗ ಪರೀಕ್ಷೆಯಲ್ಲಿ ಪಾಸಾಗುವುದನ್ನು ನೋಡಲು ಬಂದ ತಾಯಿಯ ಮುಖ ಅದು. ವಕ್ರ ಹೊಲಿಗೆ ಕಂಡು ಆ ಮುಖ ಒಂದಿಷ್ಟು ಇಳಿಯಿತು. ಅವಳು ಬಟ್ಟೆಯ ಮೇಲಿದ್ದ ಬೆಳ್ಳಿ ಕೈಯ ಕಡೆ ನೋಡಿದಳು, ಅದು ಏನೋ ತಪ್ಪು ಮಾಡಿದೆಯೇನೋ ಎಂಬಂತೆ.

ಪಾಲಾಕ್ಷ ಆ ಹೊಲಿಗೆ ಬಿಚ್ಚಿದ. ಎಡಗೈಯಲ್ಲಿ ದಬ್ಬಣ ಹಿಡಿದು, ಬಲಗೈಯ ಮಡಚದ ಬೆರಳುಗಳಿಂದ ಚೀಲದ ಅಂಚು ಒತ್ತಿ, ಸರಸರ ಹೊಲಿದ. ಒಂದೇ ಅಳತೆ, ಒಂದೇ ಬಿಗಿ. ಎರಡೂ ಮೂಲೆಗೆ ಹಿಡಿದೆತ್ತಲು ಕಿವಿ ಕಟ್ಟಿ, ಗಂಟು ಹಾಕಿ, ಹಲ್ಲಿನಿಂದ ಸುತಳಿ ಕಡಿದು, ಚೀಲ ತಲೆಕೆಳಗು ಮಾಡಿದ. ಇದ್ದಿಲ ಪುಡಿ ಕೂಡ ಬೀಳಲಿಲ್ಲ. ಕಾವಲುಗಾರ, “ಭಲೇ,” ಎಂದ. ಜಂಬಣ್ಣ ಗೋಡೆಯ ಕಡೆ ತಿರುಗಿ ನಿಂತ.

ಅಧಿಕಾರಿಗಳು ಹೊಲಿಗೆಯ ಮೇಲೆ ಬೆರಳು ಆಡಿಸಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. “ಕಾಯ್ದೆ ಕೇಳೋದು ಬೆರಳು ಎಷ್ಟು ಹೋಯ್ತು ಅಂತ ಅಲ್ಲಪ್ಪ, ದುಡಿಯೋ ಶಕ್ತಿ ಎಷ್ಟು ಹೋಯ್ತು ಅಂತ. ಇದನ್ನ ಕಂಡ ಮೇಲೆ ನಾನು ಹೆಚ್ಚು ಬರೆದರೆ ಮಿಲ್ಲಿನವರು ಹೈಕೋರ್ಟಿಗೆ ಹೋಗ್ತಾರೆ, ಅಲ್ಲಿ ನಿಲ್ಲೋದಿಲ್ಲ. ಹನ್ನೆರಡೇ ಇರಲಿ.” ಆಮೇಲೆ ಮಂಜಣ್ಣನ ಕಡೆ ತಿರುಗಿ, “ಇಷ್ಟು ಚೆನ್ನಾಗಿ ಹೊಲಿಯೋನನ್ನ ಹೊರಗಿಟ್ಟಿದ್ದೀರಲ್ರಿ. ನಾಳೆಯಿಂದ ಕರೆದುಕೊಳ್ಳಿ,” ಎಂದರು.

“ನೋಡ್ತೀವ್ರಿ ಸಾರ್,” ಎಂದ ಮಂಜಣ್ಣ.

ಪಾಲಾಕ್ಷನಿಗೆ ಸೋತ ಬೇಸರ ಅಷ್ಟಾಗಿ ಆಗಲಿಲ್ಲ. ಕೆಲಸ ಸಿಕ್ಕಿದರೆ ಪರ್ಸೆಂಟಿನ ಹಂಗು ಯಾಕೆ? ಅಧಿಕಾರಿಗಳ ಜೀಪು ಬಳ್ಳಾರಿ ರಸ್ತೆ ಹಿಡಿದ ಮೇಲೆ ಅವನು ಮಂಜಣ್ಣನ ಹಿಂದೆ ಹೋದ.

“ಮಂಜಣ್ಣಾರ, ನಾಳಿ ಎಷ್ಟೊತ್ತಿಗೆ ಬರ್ಲಿ?”

“ಎಲ್ಲಿಗೆ?”

“ಮಿಲ್ಲಿಗೆ. ಚೀಲ ಹೊಲಿಯಾಕ.”

ಮಂಜಣ್ಣ ಕೆಟ್ಟವನಲ್ಲ. ಅವನು ಪಾಲಾಕ್ಷನ ಹೆಗಲ ಮೇಲೆ ಕೈಯಿಟ್ಟೇ ಹೇಳಿದ. “ನಿಂಗ ತಿಳೀದೇನೋ ಪಾಲಾಕ್ಷ? ಮೊದಲ ಚೀಲಕ್ಕ ಕುಂಕುಮ ಹಚ್ಚಿ, ಕಾಯಿ ಒಡದು ಲಾರಿಗೆ ಏರಿಸ್ತೀವಿ. ಎಡಗೈಲಿ ಹೊಲಿದ ಚೀಲ ಅಂತ ಗೊತ್ತಾದ್ರ ಯಾವ ಸೇಟು ಮುಟ್ತಾನ? ಸಾಹುಕಾರ್ರು ಮಿಲ್ಲಿನ ಗೇಟಿನೊಳಗ ಎಡಗಾಲಿಟ್ಟು ಬಂದೋರನ್ನ ವಾಪಸ್ ಕಳಸ್ತಾರ. ನೀ ಎಡಗೈಲಿ ದಬ್ಬಣ ಹಿಡದು ಕುಂತ್ರ ಸುಮ್ಮನಿರ್ತಾರೇನು?”

“ಒಳಗ ಸಾಹೇಬ್ರ ಮುಂದ ಇದನ್ನ ಯಾಕ ಹೇಳ್ಲಿಲ್ಲ ನೀವು?”

“ಅವರು ಕೇಳ್ಲಿಲ್ಲಪ್ಪ.”

ಇದನ್ನು ಕೇಳಿದ ಜಂಬಣ್ಣನಿಗೆ ಮತ್ತೆ ಜೀವ ಬಂತು. ಓಡಿ ಬಂದವನೇ, “ಹೊಸ ಪಾಯಿಂಟು. ಅರವತ್ತು ದಿನದಾಗ ಮೇಲ್ಮನವಿ ಹಾಕಾಮು. ಮಂಜಣ್ಣಾರ, ಈಗ ಹೇಳಿದ್ದನ್ನ ಒಂದು ಹಾಳಿ ಮ್ಯಾಲ ಬರಕೊಟ್ಟುಬಿಡ್ರಿ,” ಎಂದ. ಮಂಜಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿ, ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಸಂಜೆಯ ಬಸ್ಸಿನಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತರು. ಎಕ್ಸ್‌ರೇ ಅವಳ ತೊಡೆಯ ಮೇಲಿತ್ತು. ಅದನ್ನು ಯಾರೂ ಬಿಚ್ಚಿ ನೋಡಿರಲೇ ಇಲ್ಲ.

“ನಾ ಬಾಯಿ ಮುಚ್ಕಂಡಿದ್ರ ಆಗ್ತಿತ್ತು,” ಎಂದಳು ಹೊನ್ನೂರಮ್ಮ. ಅವಳ ಕಣ್ಣು ತುಂಬಿತ್ತು.

“ನಾ ವಕ್ರ ಹೊಲಿದಿದ್ರೂ ಆಗ್ತಿತ್ತು.”

“ಯಾಕ ಹೊಲೀಲಿಲ್ಲ?”

“ನೀ ನೋಡಾಕತ್ತಿದ್ದಿಯಲ್ಲ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಮುಂದಿನ ಸೀಟಿನಿಂದ ಬೊಮ್ಮಯ್ಯ ತಟ್ಟೆ ಹಿಡಿದು ಎದ್ದು ಬಂದ.

“ಪಾಲಾಕ್ಷ, ಇದನ್ನ ನೀನ ಇಟ್ಕಂಡುಬಿಡು. ಗುಡಿ ಬಿಟ್ಟು ಕಚೇರಿ ಮೆಟ್ಲು ಹತ್ತಿದ್ದು ಮತ್ತ ತಂತಿ ಏರಂಗಿಲ್ಲ. ಏರಿಸ್ಬೇಕಂದ್ರ ಕಮಿಟಿಗೆ ಅರ್ಜಿ ಕೊಡು. ಅಮಾಸಿ ದಿನ ಮರುಪರಿಶೀಲನೆ ಮಾಡ್ತಾರ.”

ಪಾಲಾಕ್ಷ ಎಡಗೈ ಚಾಚಿದ.

“ದೇವರದಪ್ಪ ಇದು,” ಎಂದ ಬೊಮ್ಮಯ್ಯ. “ಬಲಗೈ ಚಾಚು.”

ಪಾಲಾಕ್ಷ ಬಲಗೈ ಚಾಚಿದ. ಬೊಮ್ಮಯ್ಯ ಬೆಳ್ಳಿ ಕೈಯನ್ನು ಆ ಅಂಗೈ ಮೇಲಿಟ್ಟ. ಬೆರಳು ಮಡಚಲಿಲ್ಲ. ಬಸ್ಸು ಒಂದು ಗುಂಡಿಗೆ ಇಳಿದು ಎದ್ದಾಗ ಅದು ಜಾರಿತು. ಕೆಳಗೆ ಬೀಳುವ ಮುಂಚೆ ಪಾಲಾಕ್ಷ ಎಡಗೈಯಲ್ಲಿ ಹಿಡಿದುಕೊಂಡ. ಬೊಮ್ಮಯ್ಯ ಆ ಎಡಗೈಯನ್ನು ನೋಡಿ, ಖಾಲಿ ತಟ್ಟೆ ಹಿಡಿದು ತನ್ನ ಸೀಟಿಗೆ ಹೋದ.